ಸಿಗ್ನಲ್‌ನಲ್ಲಿ ನಿಂತರೆ ಎಸಿ ಬಿಸಿಗಾಳಿ ಏಕೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಎಂಟು ವರ್ಷ. ಹೆದ್ದಾರಿಯಲ್ಲಿ ಎಸಿ ಚೆನ್ನಾಗಿ ತಂಪು ಕೊಡುತ್ತದೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಬಿಸಿಗಾಳಿ. ಗ್ಯಾಸ್ ತುಂಬಿಸಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಗ್ಯಾಸ್ ಮುಟ್ಟಿಸಬೇಡಿ. ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಕಂಡೆನ್ಸರ್ ಎಂದರೆ ಕಾರಿನ ಮುಂಭಾಗದಲ್ಲಿ ಎಸಿ ಗ್ಯಾಸಿನ ಬಿಸಿಯನ್ನು ಹೊರಬಿಡುವ ಜಾಲರಿ. ಓಡುವ ಕಾರಿನಲ್ಲಿ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಅದು ತಿರುಗದಿದ್ದರೆ ಗ್ಯಾಸಿನ ಒತ್ತಡ ಏರಿ, ಪ್ರೆಶರ್ ಸ್ವಿಚ್ ಕಂಪ್ರೆಸರನ್ನು (ಗ್ಯಾಸ್ ಒತ್ತುವ ಪಂಪನ್ನು) ನಿಲ್ಲಿಸುತ್ತದೆ.

ಎಂಜಿನ್ ಚಾಲೂ ಮಾಡಿ, ಎಸಿ ಪೂರ್ತಿ ಹಾಕಿ, ಬಾನೆಟ್ ತೆರೆದು ನೋಡಿ. ಕಂಪ್ರೆಸರ್ ಚಾಲೂ ಆದರೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್ ಆದ ರಿಲೇ ತೆಗೆದು, ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ಪರೀಕ್ಷಿಸಿ. ಎರಡೂ ಸರಿಯಿದ್ದರೆ ಎಂಜಿನ್ ಆರಿಸಿ, ಫ್ಯಾನಿನ ಕನೆಕ್ಟರ್ ಕಳಚಿ, ಫ್ಯೂಸ್ ಇರುವ ವೈರಿನಿಂದ ಮೋಟಾರಿಗೆ ನೇರ 12 ವೋಲ್ಟ್ ಕೊಡಿ. ಬೆರಳು ದೂರವಿರಲಿ. ಆಗಲೂ ತಿರುಗದಿದ್ದರೆ, ಅಥವಾ ತಡವರಿಸುತ್ತಾ ತಿರುಗಿದರೆ, ಮೋಟಾರ್ ಬದಲಿಸಿ. ಹೆಚ್ಚಾಗಿ ಮೋಟಾರಿನೊಳಗೆ ಕರೆಂಟ್ ಒಯ್ಯುವ ಕಾರ್ಬನ್ ಬ್ರಷ್ ಸವೆದಿರುತ್ತದೆ.

ಫ್ಯಾನ್ ಚೆನ್ನಾಗಿದ್ದರೆ ಕಂಡೆನ್ಸರಿನಲ್ಲಿ ಧೂಳು, ಹುಳು ತುಂಬಿದೆಯೇ ನೋಡಿ. ಎಂಜಿನ್ ಆರಿದ ಮೇಲೆ ಸಾಧಾರಣ ಪೈಪಿನ ನೀರಿನಿಂದ ತೊಳೆಯಿರಿ. ಪ್ರೆಶರ್ ವಾಷರ್ ಬೇಡವೇ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಮುಚ್ಚಿ, ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಎಳೆಸಿ (ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ತೆಗೆಸಿ), ಬಾನೆಟ್ ಕೆಳಗಿನ ಚೀಟಿಯಲ್ಲಿರುವಷ್ಟೇ ಗ್ರಾಂ ತೂಗಿ ತುಂಬಿಸಿ. ಹೆಚ್ಚು ತುಂಬಿದರೂ ಒತ್ತಡ ಏರಿ ಇದೇ ತೊಂದರೆ ಬರುತ್ತದೆ.