ಅನಾನ್ಸಿ ಕತೆಗೆ ನೀತಿ ಬೇಕಾ? (ಸಂಪಾದಕರ ಉತ್ತರ)

ಟೀಚರ್ ಮೇಡಂ, ನಮಸ್ಕಾರ.

ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಬಂದ ಜಮೈಕಾದ ಅನಾನ್ಸಿ ಕತೆ ಬಗ್ಗೆ ನೀವು ಬರೆದ ಕಾಗದ ಓದಿದೆ. ಹುಷಾರಿಲ್ಲ ಅಂತ ನಾಟಕ ಮಾಡಿ, ಹುಲಿ ಬೆನ್ನಿಗೆ ಜೀನು ಬಿಗಿದು, ಊರವರ ಮುಂದೆ ಅದರ ಮೇಲೆ ಸವಾರಿ ಮಾಡೋ ಈ ಅನಾನ್ಸಿ ಅನ್ನೋ ಜೇಡನಿಂದ ನಮ್ಮ ಮಕ್ಕಳು ಕಲಿಯೋದೇನು, ಕೊನೇಲಿ ಒಂದು ನೀತಿನಾದ್ರೂ ಬೇಡ್ವಾ ಅಂತ ಕೇಳಿದೀರಿ.

ಬೇಡ ಅಂತ್ಲೇ ನನ್ನ ಅಭಿಪ್ರಾಯ. ಈ ಜೇಡನ ತವರು ಪಶ್ಚಿಮ ಆಫ್ರಿಕಾ, ಈಗಿನ ಘಾನಾದ ಅಕಾನ್ ಜನರ ನಾಡು. ಅಲ್ಲಿಂದ ಜನರನ್ನ ಹಿಡಿದು ಜಮೈಕಾ ಕಡೆ ಹೊರಟ ಗುಲಾಮರ ಹಡಗಿಗೆ ತುಂಬಿದಾಗ ಮನೆ ಹೋಯ್ತು, ನೆಂಟರು ಹೋದ್ರು, ಹೆಸರನ್ನೂ ಕಿತ್ಕೊಂಡ್ರು, ಬಾಯಲ್ಲಿದ್ದ ಕತೆ ಮಾತ್ರ ಯಾರ ಕೈಗೂ ಸಿಗ್ಲಿಲ್ಲ. ಹಗಲೆಲ್ಲ ಕಬ್ಬಿನ ತೋಟದಲ್ಲಿ ಚಾಟಿ ಏಟು ತಿಂದವರು ರಾತ್ರಿ ಮಕ್ಕಳನ್ನ ಕೂರಿಸ್ಕೊಂಡು, ಬೆರಳುದ್ದ ಇಲ್ಲದ ಜೇಡ ಹುಲಿಗೆ ಕಡಿವಾಣ ಹಾಕ್ತು ಅಂದಾಗ ಆ ಹುಲಿ ಯಾರು ಅಂತ ಯಾರೂ ಬಿಡಿಸಿ ಹೇಳ್ಬೇಕಿರ್ಲಿಲ್ಲ. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ, ಅಲ್ಲೀವರೆಗೂ ಬಲ ಇಲ್ಲದವರಿಗೆ ಇದ್ದಿದ್ದು ಬುದ್ಧಿ ಒಂದೇ. ಹಾಗಂತ ಮೋಸ ಮಾಡಿ ಅಂತ ಅವರು ಮಕ್ಕಳಿಗೆ ಹೇಳಿಕೊಡ್ಲಿಲ್ಲ, ಕತೆ ಮುಗೀತಿದ್ದಂಗೆ 'ಜ್ಯಾಕ್ ಮಂಡೋರ, ಮಿ ನೊ ಚೂಸ್ ನನ್' ಅಂತ ಕೈ ತೊಳ್ಕೊಳ್ಳೋದು ಅಲ್ಲಿನ ಪದ್ಧತಿ, ಇದರಲ್ಲಿ ನಡೆದಿದ್ದಕ್ಕೆಲ್ಲ ನಾನು ಹೊಣೆ ಅಲ್ಲಪ್ಪ ಅಂತ. ಸರಿ ತಪ್ಪು ಯೋಚಿಸೋ ಕೆಲಸ ಮಕ್ಕಳದ್ದೇ.

ಅನಾನ್ಸಿ ಸೋಲೋ ಕತೆನೂ ಇದೆ. ಲೋಕದ ಬುದ್ಧಿಯನ್ನೆಲ್ಲ ಸೋರೆ ಬುರುಡೆಗೆ ತುಂಬಿ, ಅದನ್ನ ಹೊಟ್ಟೆ ಮುಂದೆ ಕಟ್ಕೊಂಡು ಮರ ಹತ್ತೋಕೆ ಹೋಗಿ ಒದ್ದಾಡ್ತಾನೆ. 'ಬೆನ್ನಿಗೆ ಕಟ್ಕೋಬಾರ್ದಾ' ಅಂತ ಕೆಳಗಿಂದ ಒಂದು ಪುಟ್ಟ ಮಗು ನಗುತ್ತೆ. ಎಲ್ಲಾ ಬುದ್ಧಿ ನನ್ನ ಹತ್ರಾನೇ ಇದೆ ಅಂದ್ಕೊಂಡವನಿಗೆ ಸಿಟ್ಟು ಬಂದು ಬುರುಡೆ ಬೀಳಿಸ್ತಾನೆ, ಬುದ್ಧಿ ಊರಿಗೆಲ್ಲ ಹಂಚಿ ಹೋಗುತ್ತೆ.

ಇವನ್ನ ಇವತ್ತಿನವರೆಗೂ ತಂದವರಲ್ಲಿ ನನಗೆ ತುಂಬಾ ಇಷ್ಟ ಆಗೋದು ಲೂಯೀಸ್ ಬೆನೆಟ್, ಜಮೈಕಾದವರ ಬಾಯಲ್ಲಿ ಮಿಸ್ ಲೂ. ಮನೆಮಾತು ಪಟ್ವಾವನ್ನ ಕೆಟ್ಟ ಇಂಗ್ಲಿಷ್ ಅಂತ ಓದಿದವರು ಮೂಗು ಮುರೀತಿದ್ದ ಕಾಲದಲ್ಲಿ ಅವರು ಅದೇ ಮಾತಲ್ಲಿ ಕವಿತೆ ಬರೆದ್ರು, ಅದೇ ಮಾತಲ್ಲಿ ಅನಾನ್ಸಿ ಕತೆ ಹೇಳಿದ್ರು. 1970ರಿಂದ 1982ರವರೆಗೆ ಟಿವಿಯಲ್ಲಿ 'ರಿಂಗ್ ಡಿಂಗ್' ಅನ್ನೋ ಮಕ್ಕಳ ಕಾರ್ಯಕ್ರಮ ನಡೆಸಿದ್ರು, ಅಲ್ಲಿ ಮಕ್ಕಳು ಸುಮ್ನೆ ಕೂತು ನೋಡ್ತಿರ್ಲಿಲ್ಲ, ತಾವೇ ಮುಂದೆ ಬಂದು ಹಾಡ್ತಿದ್ರು. ಟ್ರಿನಿಡಾಡ್, ಗ್ರೆನಡಾ ಕಡೆ ಕೂಡ ಕತೆ ಹೇಳೋರು 'ಕ್ರಿಕ್' ಅಂದ್ರೆ ಮಕ್ಕಳು 'ಕ್ರ್ಯಾಕ್' ಅಂತ ಕೂಗ್ಬೇಕು.

ನೀವು ತರಗತಿಯಲ್ಲಿ ಓದುವಾಗ ಹಾಗೇ ಕೂಗಿಸಿ ಮೇಡಂ. ಮುಂದಿನ ಸಂಚಿಕೆಗೆ ಬುರುಡೆ ಕತೆ ಹಾಕ್ತಿದೀವಿ, ನೀತಿಯ ಸಾಲು ಇರಲ್ಲ, ಅನಾನ್ಸಿ ಮಾಡಿದ್ದು ಸರಿನಾ ಅಂತ ನಿಮ್ಮ ಮಕ್ಕಳು ಜಗಳ ಆಡಿದ್ರೆ ಯಾರ್ಯಾರು ಏನೇನು ಅಂದ್ರು ಅಂತ ಖಂಡಿತ ಬರೆದು ಕಳಿಸಿ, ಮಕ್ಕಳ ಪುಟದಲ್ಲೇ ಹಾಕ್ತೀವಿ.

– ಸಂ.