ಎಂಟು ಚೌಕದೊಳಗಿನ ಅಕ್ಷರ

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ನಡೆಯಲಿರುವ ಹಳೆಯ ವಿಡಿಯೋ ಗೇಮ್‌ಗಳ ಪ್ರದರ್ಶನಕ್ಕೆ ಭಿತ್ತಿಪತ್ರವನ್ನೂ ಮೊಬೈಲಿನಲ್ಲಿ ಹಂಚುವ ಆಹ್ವಾನವನ್ನೂ ‘ಪ್ರೆಸ್ ಸ್ಟಾರ್ಟ್ 2ಪಿ’ ಫಾಂಟ್‌ನಲ್ಲಿ ಸಿದ್ಧಪಡಿಸಿದ್ದೇನೆ. ಅಚ್ಚಾದ ಭಿತ್ತಿಪತ್ರ ಚೆನ್ನಾಗಿ ಬಂದಿದೆ. ಆದರೆ ಆಹ್ವಾನದಲ್ಲಿ 20 ಪಿಕ್ಸೆಲ್ (ಪರದೆಯ ಚುಕ್ಕಿ) ಗಾತ್ರದ ಇಂಗ್ಲಿಷ್ ಅಕ್ಷರಗಳ ಅಂಚು ಮಸುಕಾಗಿ ಕಾಣುತ್ತದೆ. ಕಾರಣವೇನು?
– ವಿನ್ಯಾಸದ ವಿದ್ಯಾರ್ಥಿನಿ, ಹಾಸನ

ಉತ್ತರ: ತೊಡಕಿರುವುದು ಆ 20ರಲ್ಲಿಯೇ. ಈ ಫಾಂಟ್‌ನ ಪ್ರತಿ ಅಕ್ಷರವೂ ಅಡ್ಡಕ್ಕೆ 8, ಉದ್ದಕ್ಕೆ 8 ಚೌಕಗಳ ಮನೆಯಲ್ಲಿ ಕುಳಿತಿದೆ. ಗಾತ್ರವನ್ನು 16 ಎಂದರೆ ಒಂದೊಂದು ಚೌಕಕ್ಕೆ ಪರದೆಯ 2 ಪಿಕ್ಸೆಲ್, 24 ಎಂದರೆ 3 ಪಿಕ್ಸೆಲ್ ಸಿಗುತ್ತವೆ. 20 ಎಂದರೆ ಎರಡೂವರೆ. ಅರ್ಧ ಪಿಕ್ಸೆಲನ್ನು ಯಾವ ಪರದೆಯೂ ಬೆಳಗಿಸಲಾರದಾದ್ದರಿಂದ ಕಂಪ್ಯೂಟರ್ ಅಲ್ಲಿ ಬೂದು ಬಣ್ಣ ತುಂಬಿ ಸರಿದೂಗಿಸುತ್ತದೆ, ನಿಮಗೆ ಅದು ಮಸುಕಾಗಿ ಕಾಣುತ್ತದೆ. ಆದ್ದರಿಂದ ಪರದೆಗೆ ಮಾಡುವಾಗ 8ರ ಮಗ್ಗಿಯನ್ನು ಬಿಟ್ಟು ಕದಲಬೇಡಿ. ಅಚ್ಚಿನಲ್ಲಿ ಈ ಕಟ್ಟುಪಾಡಿಲ್ಲ. ಫಾಂಟ್‌ನ ಚೌಕಗಳು ರೇಖಾಕೃತಿಗಳಾಗಿರುವುದರಿಂದ ಯಾವ ಗಾತ್ರಕ್ಕಾದರೂ ಚೊಕ್ಕವಾಗಿ ಹಿಗ್ಗುತ್ತವೆ.

ಈ ಅಕ್ಷರಗಳ ಮೂಲವನ್ನು ಅರಿತರೆ ಬಳಕೆ ಸುಲಭವಾಗುತ್ತದೆ. ಇವು ನಾಮ್ಕೋ ಕಂಪನಿಯು 1980ರ ದಶಕದಲ್ಲಿ ತಂದ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಆಟಗಳ ಅಕ್ಷರಗಳನ್ನು ಅನುಸರಿಸಿದವು. ದೊಡ್ಡಕ್ಷರದ ‘ಎ’ಯನ್ನು ಚೌಕಳಿ ಹಾಳೆಯ ಮೇಲೆ ಬರೆದು ನೋಡಿ: ಮೊದಲ ಸಾಲಿನಲ್ಲಿ ನಡುವಿನ ಮೂರು ಚೌಕ, ಎರಡನೆಯದರಲ್ಲಿ ಎರಡೆರಡು ಚೌಕಗಳ ಜೋಡಿಯ ನಡುವೆ ಒಂದು ಖಾಲಿ, ಮೂರು ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ಅಂಚಿಗೆ ಎರಡೆರಡು, ಐದನೆಯದರಲ್ಲಿ ಏಳೂ ಚೌಕ ತುಂಬಿದ ಅಡ್ಡಪಟ್ಟಿ, ಆರು ಮತ್ತು ಏಳರಲ್ಲಿ ಮತ್ತೆ ಎರಡೆರಡು. ಎಂಟನೆಯ ಸಾಲು ಮತ್ತು ಎಂಟನೆಯ ಕಂಬ ಪೂರ್ತಿ ಖಾಲಿ. ಪಕ್ಕದ ಅಕ್ಷರಕ್ಕೂ ಕೆಳಗಿನ ಸಾಲಿಗೂ ತಗಲದಂತೆ ಕಾಯುವ ಅಂತರವೇ ಅದು. ಚೌಕ ತುಂಬಿದೆಯೇ ಖಾಲಿಯೇ ಎಂಬುದನ್ನಷ್ಟೇ ದಾಖಲಿಸಿದರೆ, ಕಂಪ್ಯೂಟರ್ ನೆನಪಿನ ಅಳತೆಯಲ್ಲಿ ಸಾಲಿಗೊಂದು ಬೈಟ್‌ನಂತೆ ಒಂದು ಅಕ್ಷರಕ್ಕೆ 8 ಬೈಟ್ ಸಾಕಾಗುತ್ತಿತ್ತು. ಮೆಮೊರಿ ಚಿಪ್ ದುಬಾರಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಉಳಿತಾಯವಲ್ಲ. ಅಡ್ಡಗೆರೆ ಒಂದೇ ಚೌಕದ ದಪ್ಪವಿದ್ದು ನೆಟ್ಟಗೆರೆ ಎರಡು ಚೌಕದ ದಪ್ಪವಿರುವುದಕ್ಕೂ ಕಾರಣವುಂಟು: ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಒಂದೇ ಚುಕ್ಕಿಯ ನೆಟ್ಟಗೆರೆ ತೆಳುವಾಗಿ ಕರಗಿಹೋಗುತ್ತಿತ್ತು. ಚುಕ್ಕಿ ಎಣಿಸಿ ರಂಗೋಲಿ ಹಾಕಿದವರಿಗೆ, ಎಳೆ ಎಣಿಸಿ ಕಸೂತಿ ಹಾಕಿದವರಿಗೆ ಈ ಲೆಕ್ಕವೇನೂ ಹೊಸದೆನಿಸದು.

ಇನ್ನೊಂದು ಎಚ್ಚರಿಕೆ. ಚಿತ್ರವನ್ನು ಜೆಪೆಗ್ ಆಗಿ ಉಳಿಸಿದರೆ ಚೌಕಗಳ ಸುತ್ತ ಧೂಳಿನಂಥ ಕಲೆ ಕೂರುತ್ತದೆ. ಪಿಎನ್‌ಜಿ ಆಗಿ ಉಳಿಸಿ, ಮೆಸೇಜಿಂಗ್ ಆ್ಯಪ್‌ಗಳಲ್ಲಿ ಕಳುಹಿಸುವಾಗ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಪ್ರಶ್ನೆ: ಕಾರ್ಯಕ್ರಮದ ವೇಳಾಪಟ್ಟಿಯನ್ನೂ ಇದೇ ಫಾಂಟ್‌ನಲ್ಲಿ ಕೊಡಬಹುದೇ?
– ಅದೇ ವಿದ್ಯಾರ್ಥಿನಿ

ಉತ್ತರ: ನನಗೆ ಅದು ಸರಿ ಕಾಣುವುದಿಲ್ಲ. ಎಲ್ಲ ಅಕ್ಷರಗಳೂ ಸಮ ಅಗಲದವಾದ್ದರಿಂದ ಗಂಟೆ, ಕೊಠಡಿ, ಅಂಕಗಳ ಕಂಬಸಾಲುಗಳು ತಾವಾಗಿ ಒಂದರ ಕೆಳಗೊಂದು ಕೂರುತ್ತವೆ ಎಂಬುದು ನಿಜ. ಆದರೆ ಎತ್ತರದಷ್ಟೇ ಅಗಲವಿರುವ ಅಕ್ಷರಗಳು ಜಾಗವನ್ನು ನುಂಗುತ್ತವೆ: 1080 ಪಿಕ್ಸೆಲ್ ಅಗಲದ ಆಹ್ವಾನದಲ್ಲಿ, 24ರ ಗಾತ್ರದಲ್ಲಿ, ಅಂಚು ಬಿಡದೆ ತುಂಬಿದರೂ ಸಾಲಿಗೆ 45 ಅಕ್ಷರ ಮಾತ್ರ. ಶೀರ್ಷಿಕೆ, ದಿನಾಂಕ, ಪರದೆಯ ಬಟನ್ ಮೇಲಿನ ಒಂದೆರಡು ಪದ, ಇಷ್ಟಕ್ಕೆ ಇದು ಸೊಗಸು. ವೇಳಾಪಟ್ಟಿಗೆ ‘ವಿಟಿ323’ ಬಳಸಿ. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯು 1987ರಲ್ಲಿ ತಂದ, ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ-ಕೀಲಿಮಣೆಯ ಯಂತ್ರವಾದ ವಿಟಿ320 ಟರ್ಮಿನಲ್‌ನ ಅಕ್ಷರಗಳಿಂದ ರೂಪಿಸಿದ ಈ ಫಾಂಟ್ ಕೂಡ ಸಮ ಅಗಲದ್ದೇ, ಆದರೆ ಅಕ್ಷರಗಳು ಕಿರಿದಾಗಿ, ಎತ್ತರವಾಗಿವೆ. ಸಾಲಿಗೆ 80 ಅಕ್ಷರ ತೋರಿಸಬೇಕಾಗಿದ್ದ ಯಂತ್ರದ ಶಿಸ್ತು ಅದರಲ್ಲಿದೆ. ಎರಡೂ ಮುಕ್ತ ಪರವಾನಗಿಯವು, ಉಚಿತ. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಅಕ್ಷರ ಹಾಕುವ ಆಸೆ ನಿಮಗೂ ಬರುತ್ತದೆ. ಎಲ್ಲರೂ ಅದನ್ನೇ ಮಾಡಿ ಸವೆಸಿದ್ದಾರೆ.

ಪ್ರಶ್ನೆ: ಇದೇ ಶೈಲಿಯಲ್ಲಿ ಕನ್ನಡ ಬರೆಯಲು ಹೋದರೆ ಬೇರೆ ಅಕ್ಷರಗಳೇ ಬರುತ್ತವೆ. ಏನು ಮಾಡಬೇಕು?
– ಮೈಸೂರಿನ ಓದುಗರೊಬ್ಬರು

ಉತ್ತರ: ಆ ಎರಡೂ ಫಾಂಟ್‌ಗಳಲ್ಲಿ ಕನ್ನಡವಿಲ್ಲ, ನೀವು ಕಂಡದ್ದು ಕಂಪ್ಯೂಟರ್ ತಾನೇ ಹುಡುಕಿ ಹಾಕಿದ ಬೇರೊಂದು ಫಾಂಟ್. ಇಂಗ್ಲಿಷಿನ ಲೆಕ್ಕವನ್ನು ಕನ್ನಡಕ್ಕೆ ನೇರವಾಗಿ ಹೊಂದಿಸಲಾಗದು. ‘ರ’ ಎಂಟು ಚೌಕದಲ್ಲಿ ಆರಾಮವಾಗಿ ಕೂರುತ್ತದೆ, ‘ಯೋ’ ಎರಡು ಮನೆಯಷ್ಟು ಜಾಗ ಕೇಳುತ್ತದೆ. ‘ಪ’, ‘ಫ’, ‘ಷ’ ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಚಿಕ್ಕ ಗೀಟು. ಚೌಕಗಳು ಕಡಿಮೆಯಾದರೆ ಮೊದಲು ಮಾಯವಾಗುವುದು ಅದೇ. ‘ಸ್ತ್ರೀ’ ಬರೆಯಲು ಮೇಲೆ ಗುಡಿಸು, ನಡುವೆ ಒಡಲು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ, ಇಷ್ಟಕ್ಕೂ ಜಾಗ ಬೇಕು. ಬಸ್ಸಿನ ಹಣೆಯ ಎಲ್ಇಡಿ ಫಲಕದಲ್ಲಿ ಒತ್ತಕ್ಷರಗಳು ಇಕ್ಕಟ್ಟಾಗಿ ಕಾಣುವುದು ಇದರಿಂದಲೇ.

ಸಮ ಅಗಲದ ಹಟವನ್ನು ಬಿಡಿ, ಚೌಕಗಳನ್ನು ಮಾತ್ರ ಉಳಿಸಿಕೊಳ್ಳಿ. ಎತ್ತರಕ್ಕೆ 16 ಚೌಕವಿಟ್ಟು, ಕೆಳಗಿನ ಐದನ್ನು ಒತ್ತುಗಳಿಗೆ ಮೀಸಲಿರಿಸಿ, ಅಗಲವನ್ನು ಅಕ್ಷರಕ್ಕೆ ಬೇಕಾದಷ್ಟು ಹರಿಯಲು ಬಿಡಿ. ಇಡೀ ವರ್ಣಮಾಲೆ ಬೇಕಿಲ್ಲ. ಶೀರ್ಷಿಕೆಯಲ್ಲಿರುವ ಹತ್ತು ಹನ್ನೆರಡು ಅಕ್ಷರಗಳನ್ನು ಚೌಕಳಿ ಹಾಳೆಯ ಮೇಲೆ ತುಂಬಿ ನೋಡಿ. ಕನ್ನಡ ಅಂಕಿಗಳಿಗೆ ಒತ್ತಿನ ಕಾಟವಿಲ್ಲದಿರುವುದರಿಂದ ಅವು ಸಮ ಅಗಲಕ್ಕೂ ಒಗ್ಗುತ್ತವೆ. ಆಟದ ಅಂಕಫಲಕಕ್ಕೆ ಅವನ್ನೇ ಮೊದಲು ಬಿಡಿಸಿ.