ಪಟ್ಟಿಗೆ ಇನ್ನೊಂದು ಕಾಲಂ ಬೇಕಿತ್ತು

(ಓದುಗರ ಪತ್ರದ ಸಾರ: 2024ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ನೀವು ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಅವರ ನಿಲುವುಗಳನ್ನು ಅಕ್ಕಪಕ್ಕ ಇಟ್ಟು ಒಂದು ಪಟ್ಟಿ ಹಾಕಿದ್ದಿರಿ. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಈಗ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸುತ್ತಿದ್ದೇನೆ. ಹತ್ತಕ್ಕೆ ನಾಲ್ಕು. ನನ್ನ ಮಗ ಅಲ್ಲಿ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾನೆ. ಹೋದ ನವರಾತ್ರಿಗೆ ಊರಿಗೆ ಬರಬೇಕಿದ್ದವನು ಕೊನೇ ಗಳಿಗೆಯಲ್ಲಿ ಟಿಕೆಟ್ ಕ್ಯಾನ್ಸಲ್ ಮಾಡಿದ. ಇಂಥ ಪಟ್ಟಿ ಹಾಕಿ ಏನು ಪ್ರಯೋಜನ? – ನಿವೃತ್ತ ಶಿಕ್ಷಕರೊಬ್ಬರು, ಸಾಗರ)

ಮೇಷ್ಟ್ರೇ,

ನಿಮ್ಮ ಹಾಳೆ ನನ್ನ ಮೇಜಿನ ಮೇಲಿದೆ. ಕೆಂಪು ಇಂಕು ನೋಡಿ ಎಸ್ಸೆಸ್ಸೆಲ್ಸಿ ಗಣಿತದ ಪೇಪರು ಕೈಗೆ ಬಂದ ಹಾಗಾಯಿತು. ನಾಲ್ಕು ಅಂಕಕ್ಕೆ ಜಗಳ ಆಡುವುದಿಲ್ಲ. ಆದರೆ ನೀವು ತಪ್ಪು ಹಾಕಿದ ಕಡೆಯೆಲ್ಲ ತಪ್ಪಿಲ್ಲ, ರೈಟ್ ಹಾಕಿದ ಕಡೆಯೆಲ್ಲ ಸರಿಯೂ ಇಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ಮೊದಲು ನಮ್ಮ ತಪ್ಪು. ಎಚ್-1ಬಿ ಸಾಲಿನಲ್ಲಿ ನಾವು ಇಬ್ಬರ ಕೆಳಗೂ 'ದೊಡ್ಡ ಬದಲಾವಣೆ ಅನುಮಾನ' ಎಂದು ಬರೆದಿದ್ದೆವು. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ. ಜಾರಿಗೆ ಬಂದದ್ದು 21ಕ್ಕೆ, ನಮ್ಮ ಮಹಾಲಯ ಅಮಾವಾಸ್ಯೆಯ ದಿನ. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಸರ್ಕಾರ ಬಿಡಿಸಿ ಹೇಳಿದ್ದು ಸಹಿಯಾದ ಮಾರನೇ ದಿನ. ಅಷ್ಟರಲ್ಲಿ ಎಷ್ಟೋ ಮಂದಿ ವಿಮಾನ ಹತ್ತದೆ ಅಲ್ಲೇ ಉಳಿದರು. ನಿಮ್ಮ ಮಗ ಅವರಲ್ಲಿ ಒಬ್ಬರು.

ಪ್ರಚಾರದಲ್ಲಿ ಈ ಶುಲ್ಕದ ಮಾತು ಕೇಳಿದ ನೆನಪು ನನಗಿಲ್ಲ. ಹಾಗಂತ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ವಿದೇಶಿಯರ ಪ್ರವೇಶ ದೇಶಕ್ಕೆ ಹಿತವಲ್ಲ ಅನ್ನಿಸಿದರೆ ಅಧ್ಯಕ್ಷರು ತಡೆಯಬಹುದು ಎಂದು ಅಲ್ಲಿನ 1952ರ ವಲಸೆ ಕಾಯ್ದೆಯಲ್ಲೇ ಒಂದು ಕಲಂ ಇದೆ. 2020ರ ಜೂನ್‌ನಲ್ಲಿ ಇದೇ ಟ್ರಂಪ್ ಅದೇ ಕಲಂ ಹಿಡಿದು ಹೊಸ ಎಚ್-1ಬಿ ಪ್ರವೇಶವನ್ನು ವರ್ಷದ ಕೊನೆವರೆಗೆ ನಿಲ್ಲಿಸಿದ್ದರು. ಅಂದರೆ ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ನಾವು ಭಾಷಣ ನೋಡಿದೆವು, ಜೇಬು ನೋಡಲಿಲ್ಲ.

ಈಗ ಅದರ ಕೆಳಗಿನ ಸಾಲು, ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿ. ಅದಕ್ಕೆ ನೀವು ದೊಡ್ಡದೊಂದು ಇಂಟು ಹಾಕಿ, ಪಕ್ಕದಲ್ಲಿ 'ಸುಳ್ಳು' ಎಂದು ಬರೆದಿದ್ದೀರಿ. 2024ರ ಜೂನ್‌ನಲ್ಲಿ ಟ್ರಂಪ್ ಒಂದು ಪಾಡ್‌ಕಾಸ್ಟ್‌ನಲ್ಲಿ, ಅಮೆರಿಕದ ಕಾಲೇಜಿನಲ್ಲಿ ಓದು ಮುಗಿಸಿದವರಿಗೆ ಪದವಿ ಪತ್ರದ ಜತೆಗೇ ಗ್ರೀನ್ ಕಾರ್ಡ್ ಸಿಗಬೇಕು ಎಂದದ್ದು ನಿಜ. ಅವರ ಪ್ರಚಾರ ತಂಡವೇ ಅದಕ್ಕೆ ಬೇಗನೆ ಷರತ್ತುಗಳನ್ನು ಸೇರಿಸಿದ್ದೂ ನಿಜ. ಆದರೆ ಇದು ಹಳೇ ಹಾಡು ಮೇಷ್ಟ್ರೇ. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. 2016ರಲ್ಲಿ ವಿಜ್ಞಾನ, ತಂತ್ರಜ್ಞಾನದ ಸ್ನಾತಕೋತ್ತರ ಪದವೀಧರರ ಬಗ್ಗೆ ಹಿಲರಿ ಕ್ಲಿಂಟನ್ ಹೇಳಿದರು. ಗೆದ್ದವರು ಯಾರೇ ಆದರೂ ಇದನ್ನು ಒಬ್ಬರೇ ಕೊಡಲು ಬರುವುದಿಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ಅದರಲ್ಲಿ ಶೇ 7ರ ಮಿತಿ. ಇದು 1990ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಕಾನೂನು. ಐಸ್‌ಲ್ಯಾಂಡಿಗೂ ಶೇ 7, ಭಾರತಕ್ಕೂ ಶೇ 7! ನಮ್ಮ ಹುಡುಗರು ದಶಕಗಟ್ಟಲೆ ಕ್ಯೂನಲ್ಲಿ ನಿಂತಿರುವುದು ಇದಕ್ಕೇ. ಅಧ್ಯಕ್ಷರ ಪೆನ್ನಿನಿಂದ ಈ ಅಂಕಿ ಅಳಿಸುವುದಿಲ್ಲ.

ಆ ಪಟ್ಟಿಯ ಕೊರತೆ ಇದೇ. ಯಾರು ಏನು ಹೇಳಿದರು ಎಂದು ಎರಡು ಕಾಲಂ ಹಾಕಿದೆವು. ಅದು ಯಾರ ಕೈಯಲ್ಲಿದೆ ಎಂಬ ಮೂರನೆಯದನ್ನು ಹಾಕಲಿಲ್ಲ. ಹಾಕಿದ್ದರೆ ಗ್ರೀನ್ ಕಾರ್ಡ್ ನೋಡಿ ನೀವು ಆಸೆ ಪಡುತ್ತಿರಲಿಲ್ಲ, ಎಚ್-1ಬಿ ನೋಡಿ ನಿಶ್ಚಿಂತೆಯಾಗಿ ಇರುತ್ತಿರಲೂ ಇಲ್ಲ.

ಸುಂಕದ ಸಾಲಿಗೆ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ, ಸಂತೋಷ. ಎಲ್ಲ ಆಮದಿಗೂ ಸುಂಕ, ಚೀನಾಕ್ಕೆ ಶೇ 60 ಎಂದು ಟ್ರಂಪ್ ಊರೂರಿನಲ್ಲಿ ಹೇಳುತ್ತಿದ್ದರು. ಅಂಕಿಗಳು ಆಮೇಲೆ ಬೇರೆಯಾದವು. 2025ರ ಆಗಸ್ಟ್‌ನಲ್ಲಿ ಭಾರತದ ಬಹಳಷ್ಟು ಸರಕಿನ ಮೇಲೆ ಶೇ 50 ಆಯಿತು. ಅದನ್ನು ನಾವೂ ಊಹಿಸಿರಲಿಲ್ಲ.

ಹಳೇದೊಂದು ಹೇಳಲೇಬೇಕು. 2008ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗಿನ ಆಯ್ಕೆ ಸುತ್ತಿನಲ್ಲಿ ಹಿಲರಿ ಮತ್ತು ಒಬಾಮ ಆರೋಗ್ಯ ವಿಮೆಯ ಬಗ್ಗೆ ವಾರಗಟ್ಟಲೆ ಕಿತ್ತಾಡಿದರು. ಎಲ್ಲರೂ ವಿಮೆ ಮಾಡಿಸಲೇಬೇಕು ಎಂದು ಹಿಲರಿ. ಮಕ್ಕಳಿಗೆ ಸರಿ, ದೊಡ್ಡವರಿಗೆ ಬಲವಂತ ಬೇಡ ಎಂದು ಒಬಾಮ. ಉಳಿದದ್ದರಲ್ಲಿ ಇಬ್ಬರ ಯೋಜನೆಯೂ ಅಣ್ಣತಮ್ಮಂದಿರ ಹಾಗೆ ಇತ್ತು. ಒಬಾಮ ಗೆದ್ದರು. 2010ರ ಮಾರ್ಚ್ 23ರಂದು ಅವರೇ ಸಹಿ ಹಾಕಿದ ಕಾನೂನಿನಲ್ಲಿ ಏನಿತ್ತು ಹೇಳಿ? ದೊಡ್ಡವರೂ ವಿಮೆ ಮಾಡಿಸಲೇಬೇಕು ಎಂದಿತ್ತು. ಮೋಸ ಎನ್ನಲು ನನಗೆ ಮನಸ್ಸಿಲ್ಲ. ಕಾಯಿಲೆ ಬಂದ ಮೇಲೆ ವಿಮೆ ಕೇಳಿ ಬಂದವರನ್ನೂ ಕಂಪನಿ ಸೇರಿಸಿಕೊಳ್ಳಬೇಕು ಎಂದರೆ, ಗಟ್ಟಿಮುಟ್ಟಾಗಿ ಇರುವವರೂ ಮೊದಲೇ ಕಂತು ಕಟ್ಟುತ್ತಿರಬೇಕು. ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಒಂದು ನಿಲುವು ಇನ್ನೊಂದರ ಕಾಲು ಎಳೆಯುತ್ತದೆ ಎಂಬುದನ್ನೂ ಪಟ್ಟಿಯ ಚೌಕಗಳು ಹೇಳುವುದಿಲ್ಲ.

ಕೊನೆಗೆ ಟಿಪ್ಸ್ ಸಾಲು. ನೀವು ಅದಕ್ಕೆ ರೈಟ್ ಹಾಕಿ 'ಇಬ್ಬರೂ ಒಂದೇ, ಚೆನ್ನಾಗಿದೆ' ಎಂದಿದ್ದೀರಿ. ಹೋಟೆಲ್ ಮಾಣಿಗಳ ಟಿಪ್ಸ್‌ಗೆ ತೆರಿಗೆ ಬೇಡ ಎಂದು ಟ್ರಂಪ್ 2024ರ ಜೂನ್‌ನಲ್ಲಿ ಹೇಳಿದ್ದು ಲಾಸ್ ವೇಗಸ್‌ನಲ್ಲಿ. ಆಗಸ್ಟ್‌ನಲ್ಲಿ ಹ್ಯಾರಿಸ್ ಹೇಳಿದ್ದೂ ಅದೇ ಊರಿನಲ್ಲಿ. ನನ್ನ ಐಡಿಯಾ ಕದ್ದರು ಎಂದು ಟ್ರಂಪ್ ಸಿಡಿಮಿಡಿಗೊಂಡರು. ಅದೇ ಊರು ಯಾಕೆ? ಅದು ಇರುವ ನೆವಾಡ ರಾಜ್ಯ ಯಾರ ಕಡೆಗೆ ಬೇಕಾದರೂ ವಾಲಬಹುದಾಗಿತ್ತು. ಅಲ್ಲಿ ಹೋಟೆಲ್, ಕ್ಯಾಸಿನೊಗಳಲ್ಲಿ ದುಡಿಯುವವರು ಜಾಸ್ತಿ. ಹ್ಯಾರಿಸ್ ಜತೆಯಲ್ಲೇ ಕನಿಷ್ಠ ವೇತನ ಏರಿಸುವ ಮಾತನ್ನೂ ಆಡಿದ್ದರು. ನಮ್ಮ ಚೌಕದಲ್ಲಿ ಅದಕ್ಕೆ ಜಾಗ ಸಾಲದೆ ಸುಮ್ನೆ 'ಇಬ್ಬರೂ ಒಂದೇ' ಎಂದು ಬರೆದುಬಿಟ್ಟೆವು. 2025ರ ಜುಲೈ 4ರಂದು ಇದು ಕಾನೂನಾಯಿತು. ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಮಾತ್ರ, ಅದೂ 2028ರವರೆಗೆ. ಪಿಂಚಣಿಗೆ ಮತ್ತು ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆಗೆ ಸಂಬಳದಿಂದ ಹಿಡಿಯುವ ತೆರಿಗೆ ಹಾಗೇ ಇದೆ. ಮೊದಲೇ ಆದಾಯ ತೆರಿಗೆಯ ಮಿತಿ ಮುಟ್ಟದಷ್ಟು ಕಡಿಮೆ ದುಡಿಯುವ ಮಾಣಿಗೆ ಇದರಿಂದ ನಯಾಪೈಸೆ ಸಿಗುವುದಿಲ್ಲ.

ನಿಮ್ಮ ಹಾಳೆಯನ್ನು ಇದರ ಜತೆಗೆ ವಾಪಸ್ ಕಳಿಸುತ್ತಿದ್ದೇನೆ. ಬಲಗಡೆ ಗೆರೆ ಎಳೆದು ಮೂರನೇ ಕಾಲಂ ಮಾಡಿದ್ದೇನೆ. ಎಚ್-1ಬಿ ಸಾಲಿನ ಸೊನ್ನೆಯನ್ನು ಮುಟ್ಟಿಲ್ಲ. ಟಿಪ್ಸ್ ಸಾಲಿನಲ್ಲಿ ಮಾತ್ರ ನಿಮ್ಮ ಒಂದು ಅಂಕವನ್ನು ಅರ್ಧ ಮಾಡಿದ್ದೇನೆ. ಪೆನ್ಸಿಲ್‌ನಲ್ಲೇ ಬರೆದಿದ್ದೇನೆ, ಒಪ್ಪದಿದ್ದರೆ ಅಳಿಸಿ.

– ಸಂಪಾದಕ